ಪ್ರಶ್ನೋತ್ತರ: ವಿದ್ಯುತ್ ಕಾರೋ, ಪೆಟ್ರೋಲ್ ಕಾರೋ? ಮೊದಲು ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಹೇಳಿ

ಪ್ರಶ್ನೆ (ಶಾಲಾ ಶಿಕ್ಷಕಿ, ಹಾಸನ): ನಮಸ್ಕಾರ ಅಣ್ಣ. ನಮ್ಮ ಪೆಟ್ರೋಲ್ ಕಾರಿಗೆ ಹನ್ನೊಂದು ವರ್ಷವಾಯಿತು, ಇನ್ನು ಬದಲಿಸಲೇಬೇಕು. ಶಾಲೆಗೆ ಹೋಗಿಬರಲು ದಿನಕ್ಕೆ 46 ಕಿಲೋಮೀಟರ್. ತಿಂಗಳಿಗೊಮ್ಮೆ ಮಂಗಳೂರಿನ ತವರುಮನೆಗೆ ಹೋಗುತ್ತೇವೆ. ಯಜಮಾನರು ಮತ್ತೆ ಪೆಟ್ರೋಲ್ ಕಾರನ್ನೇ ಕೊಳ್ಳೋಣ ಎನ್ನುತ್ತಾರೆ. ಮಗ ವಿದ್ಯುತ್ ಕಾರೇ ಬೇಕೆಂದು ಹಟ ಹಿಡಿದಿದ್ದಾನೆ. ಊಟಕ್ಕೆ ಕುಳಿತರೆ ಇದೇ ವಾದ. ಸ್ವಂತ ಮನೆ, ಕಾರಿಗೆ ಶೆಡ್ ಇದೆ. ಗೃಹಜ್ಯೋತಿ ಇರುವುದರಿಂದ ಕರೆಂಟ್ ಬಿಲ್ ಬರುವುದಿಲ್ಲ. ನೀವು ಎರಡೂ ಬಗೆಯ ಕಾರುಗಳ ಕೆಲಸ ಮಾಡುವವರು, ಏನು ಹೇಳುತ್ತೀರಿ?

ಉತ್ತರ: ನಮಸ್ಕಾರ ಮೇಡಂ. ನಾನು 26 ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಇದರಲ್ಲಿ ಮೊದಲ ಇಪ್ಪತ್ತು ವರ್ಷ ಎಂಜಿನ್ ಕೆಲಸವೇ. ಈಚೆಗೆ ಬ್ಯಾಟರಿ ಕಾರುಗಳ ತರಬೇತಿ ಪಡೆದು ಆ ಕೆಲಸವನ್ನೂ ಮಾಡುತ್ತೇನೆ. ಯಾರೇ ಈ ಪ್ರಶ್ನೆ ಕೇಳಿದರೂ ನಾನು ಮೊದಲು ಕೇಳುವುದು ಎರಡೇ: ದಿನಕ್ಕೆ ಎಷ್ಟು ಓಡಿಸುತ್ತೀರಿ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ? ನೀವು ಎರಡನ್ನೂ ಮೊದಲೇ ಹೇಳಿಬಿಟ್ಟಿದ್ದೀರಿ.

ಶಾಲೆ ಇರುವ 24 ದಿನಕ್ಕೆ ಸುಮಾರು 1,100 ಕಿಲೋಮೀಟರ್. ಮಂಗಳೂರಿಗೆ ಹೋಗಿಬರಲು 340. ತಿಂಗಳಿಗೆ 1,440 ಎಂದಾಯಿತು. ಲೀಟರಿಗೆ 16 ಕಿಲೋಮೀಟರ್ ಕೊಡುವ ಕಾರಾದರೆ 90 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ 9,300 ರೂಪಾಯಿಯ ಆಸುಪಾಸು.

ಸಾಧಾರಣ ಗಾತ್ರದ ವಿದ್ಯುತ್ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ನೂರಕ್ಕೆ ಹತ್ತು ಹನ್ನೆರಡರಷ್ಟು ಸೋರಿಹೋಗುತ್ತದೆ. ಮಂಗಳೂರಿನಿಂದ ಬರುವ ದಾರಿಯ ಚಾರ್ಜಿಂಗನ್ನು ಹೊರಗೆ ಮಾಡಿ, ಉಳಿದದ್ದನ್ನು ಮನೆಯಲ್ಲೇ ಮಾಡಿದರೆ ಮನೆಯ ಮೀಟರಿನಲ್ಲಿ ತಿಂಗಳಿಗೆ ಸುಮಾರು 205 ಯೂನಿಟ್ ಏರುತ್ತದೆ.

ಷೋರೂಮಿನಲ್ಲಿ ಯಾರೂ ಹೇಳದ ಮಾತು ಇಲ್ಲಿದೆ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಮನೆಯ ಬಳಕೆ 90 ಯೂನಿಟ್ ಇದ್ದರೆ ಕಾರು ಸೇರಿ 295 ಆಗುತ್ತದೆ. ಆಗ ಬರೀ ಕಾರಿನ ಕರೆಂಟಿಗಲ್ಲ, ಇಷ್ಟು ದಿನ ಉಚಿತವಾಗಿದ್ದ ದೀಪ ಫ್ಯಾನುಗಳಿಗೂ ಹಣ ಕೊಡಬೇಕು. ತೆರಿಗೆ ಗಿರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿಯಿರಿ, 2,065 ಆಯಿತು. ಹೊರಗಿನ ಫಾಸ್ಟ್ ಚಾರ್ಜಿಂಗಿಗೆ ಯೂನಿಟ್‌ಗೆ 22 ರೂಪಾಯಿಯಂತೆ ಒಂದು 550 ಸೇರಿಸಿ. ಒಟ್ಟು 2,600 ಚಿಲ್ಲರೆ. ಗೃಹಜ್ಯೋತಿ ಕಳೆದುಕೊಂಡರೂ ತಿಂಗಳಿಗೆ 6,700 ರೂಪಾಯಿ ಉಳಿಯುತ್ತದೆ.

ಕಾರಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳುವ ದಾರಿಯೂ ಇದೆ. 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ ತಂದ ತಿದ್ದುಪಡಿಯಲ್ಲಿ ಅದಕ್ಕೆ ಅವಕಾಶವಿದೆ. ಹಾಗೆ ಮಾಡಿದರೆ ಮನೆಯ ಮೀಟರ್ ತನ್ನ ಪಾಡಿಗೆ ಇರುತ್ತದೆ. ಆದರೆ ಹೊಸ ಮೀಟರಿಗೂ ನಿಗದಿತ ಶುಲ್ಕ ಬೀಳುತ್ತದೆ. ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಎರಡನ್ನೂ ಕೇಳಿ ತೂಗಿ ನೋಡಿ.

ಬೆಲೆಯ ಲೆಕ್ಕದಲ್ಲಿ ಹಳೆಯ ವಿಡಿಯೊಗಳನ್ನು ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ವಿದ್ಯುತ್ ಕಾರಿಗೆ ಮೊದಲಿನಂತೆ ಶೇ 5. ಹೀಗಾಗಿ ಎರಡರ ನಡುವಿನ ಅಂತರ ಬದಲಾಗಿದೆ. ಈಗಿನ ಆನ್‌ರೋಡ್ ಬೆಲೆಗಳನ್ನೇ ಬರೆಸಿಕೊಳ್ಳಿ. ವ್ಯತ್ಯಾಸ ಮೂರು ಲಕ್ಷ ಇದ್ದರೂ ನಿಮ್ಮ ಓಡಾಟಕ್ಕೆ ನಾಲ್ಕು ವರ್ಷದೊಳಗೆ ತೀರುತ್ತದೆ. ನಿಮ್ಮ ಮನೆಯ ವಾದದಲ್ಲಿ ನಾನು ಮಗನ ಕಡೆ. ಆದರೆ ಮಂಗಳೂರಿನ ದಾರಿಯಲ್ಲಿರುವ ಘಾಟಿಯ ವಿಷಯ ಇತ್ಯರ್ಥವಾಗಬೇಕು.

ಅದೇ ಶಿಕ್ಷಕಿ: ಯಜಮಾನರ ಭಯವೂ ಅದೇ ಅಣ್ಣ. ಶಿರಾಡಿ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಂತುಬಿಟ್ಟರೆ ಯಾರನ್ನು ಕರೆಯುವುದು?

ಉತ್ತರ: ನ್ಯಾಯವಾದ ಭಯ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು, ರಸ್ತೆಯ ಓಟದ ಖರ್ಚಿನ ಮೇಲೆ, ಸುಮಾರು ನಾಲ್ಕೂವರೆ ಯೂನಿಟ್ ಹೆಚ್ಚಿಗೆ ಬೇಕು. ಇದು ಎತ್ತರ ಮತ್ತು ತೂಕದ ಲೆಕ್ಕ, ಯಾವ ಕಂಪನಿಯ ಕಾರಾದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ಅಂದರೆ 30 ಕಿಲೋಮೀಟರ್ ಓಡುವಷ್ಟು ಶಕ್ತಿಯನ್ನು ಘಾಟಿಯೇ ನುಂಗುತ್ತದೆ.

ಹೋಗುವಾಗ ಚಿಂತೆಯಿಲ್ಲ. ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ, ಏರುವಾಗ ಖರ್ಚಾಗುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಮರಳಿಸುತ್ತದೆ. ಪೇಚಿರುವುದು ಬರುವಾಗ. ಹೆದ್ದಾರಿಯ ವೇಗದಲ್ಲಿ 170 ಕಿಲೋಮೀಟರಿಗೆ 26 ಯೂನಿಟ್, ಘಾಟಿಗೆ ನಾಲ್ಕೂವರೆ, ಮೂವತ್ತನ್ನು ಮೀರಿತು. 30 ಯೂನಿಟ್ ಬ್ಯಾಟರಿಯ ಕಾರಾದರೆ ಮಂಗಳೂರಿನಲ್ಲಿ ತುಂಬಿಸಿಕೊಂಡು ಹೊರಟರೂ ಹಾಸನ ಮುಟ್ಟುವುದಿಲ್ಲ. ಘಾಟಿ ಏರುವ ಮೊದಲೇ ಎಲ್ಲಾದರೂ ಅರ್ಧ ಗಂಟೆ ನಿಲ್ಲಲೇಬೇಕು. ಏರಿದ ಮೇಲೆ ಸಕಲೇಶಪುರದಲ್ಲಿ ನೋಡಿಕೊಳ್ಳೋಣ ಎಂಬ ಧೈರ್ಯ ಬೇಡ. ಮಳೆಗಾಲದಲ್ಲಿ ಮಣ್ಣು ಕುಸಿದು ವಾಹನಗಳು ಗಂಟೆಗಟ್ಟಲೆ ಸಾಲುಗಟ್ಟುವ ದಾರಿ ಅದು. ನಿಮಗೆ 40 ಯೂನಿಟ್ ಆಸುಪಾಸಿನ ಬ್ಯಾಟರಿಯ ಕಾರೇ ಸರಿ. ಕಂಪನಿ ಹೇಳುವ ಕಿಲೋಮೀಟರಿನಲ್ಲಿ ಮೂರನೇ ಒಂದು ಪಾಲು ಕಳೆದು ಲೆಕ್ಕ ಹಾಕಿದರೆ ಎಲ್ಲಿಯೂ ಮೋಸ ಹೋಗುವುದಿಲ್ಲ.

ಸಕಲೇಶಪುರದ ಹೋಂಸ್ಟೇಗಳಲ್ಲಿ ಉಳಿಯುವವರಿಗೂ ಒಂದು ಮಾತು. ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ನೇರವಾಗಿ ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿ ಹೊಸದಾಗಿ ಏನನ್ನೂ ತೆಗೆದುಕೊಳ್ಳದು. ಮೋಟಾರಿನ ಹಿಡಿತ ಸಿಗದೆ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ತೊಂಬತ್ತಕ್ಕೆ ನಿಲ್ಲಿಸಿ ಹೊರಡಿ.

ಪ್ರಶ್ನೆ (ಕಾಲೇಜು ಉಪನ್ಯಾಸಕರು, ರಾಯಚೂರು): ನೀವು ಹಣದ ಲೆಕ್ಕ ಮಾತ್ರ ಹೇಳುತ್ತಿದ್ದೀರಿ. ಬೆಂಗಳೂರಿನವರ ಕಾರು ಹೊಗೆ ಬಿಡುವುದಿಲ್ಲ, ನಿಜ. ಆದರೆ ಆ ಹೊಗೆ ಇಲ್ಲಿ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯಿಂದ ಬರುತ್ತದೆ. ಬಟ್ಟೆ ಒಣಹಾಕಿದರೆ ಹಾರುಬೂದಿ ಕೂರುವ ಊರಿನವರು ನಾವು. ಇದು ಪರಿಸರ ಸ್ನೇಹಿಯೇ?

ಉತ್ತರ: ಸರ್, ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ‘ಶೂನ್ಯ ಮಾಲಿನ್ಯ’ ಎಂದು ಕಾರಿನ ಹಿಂದೆ ಬರೆಯುವುದು ಸುಳ್ಳು. ಲೆಕ್ಕವನ್ನೇ ನೋಡೋಣ.

ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. 16 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 144 ಗ್ರಾಂ. ತೈಲ ತೆಗೆದು, ಶುದ್ಧೀಕರಿಸಿ, ಟ್ಯಾಂಕರಿನಲ್ಲಿ ತರುವ ಖರ್ಚು ಸೇರಿಸಿದರೆ 170ರ ಹತ್ತಿರ. ದೇಶದ ಸರಾಸರಿ ವಿದ್ಯುತ್ತಿಗೆ ಯೂನಿಟ್‌ಗೆ 0.7 ಕಿಲೋಗಿಂತ ತುಸು ಹೆಚ್ಚು. ಚಾರ್ಜಿಂಗ್ ಸೋರಿಕೆಯೂ ಸೇರಿ ವಿದ್ಯುತ್ ಕಾರಿಗೆ ಕಿಲೋಮೀಟರಿಗೆ 115 ಗ್ರಾಂ. ಕಡಿಮೆ ಹೌದು, ಆದರೆ ಜಾಹೀರಾತಿನಲ್ಲಿ ತೋರಿಸುವಷ್ಟು ಅಲ್ಲ. ಮೇಲಾಗಿ 30 ಯೂನಿಟ್‌ನ ಬ್ಯಾಟರಿ ತಯಾರಾಗುವಾಗಲೇ ಎರಡು ಮೂರು ಟನ್ ಹೊರಬಿದ್ದಿರುತ್ತದೆ. ಆ ಸಾಲ ತೀರಲು 45 ಸಾವಿರ ಕಿಲೋಮೀಟರ್ ಓಡಬೇಕು. ಹಾಸನದ ಮೇಡಂಗೆ ಹೇಳಿದ 40 ಯೂನಿಟ್‌ನ ಬ್ಯಾಟರಿಗೆ ಈ ಸಾಲ ಇನ್ನೂ ಹೆಚ್ಚು, ಆದರೂ ಅವರು ನಾಲ್ಕು ವರ್ಷದೊಳಗೆ ತೀರಿಸುತ್ತಾರೆ. ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿಸುವವರಿಗೆ ಹನ್ನೆರಡು ವರ್ಷ ಬೇಕು.

ಇನ್ನೊಂದು ಮಗ್ಗುಲೂ ಇದೆ. ನಮ್ಮ ರಾಜ್ಯದ ಕರೆಂಟ್ ಬರೀ ಕಲ್ಲಿದ್ದಲಿನದಲ್ಲ. ಶರಾವತಿ ಇದೆ, ಕೈಗಾ ಇದೆ, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ, ಚಿತ್ರದುರ್ಗ ಗದಗದ ಗಾಳಿಯಂತ್ರಗಳಿವೆ. ಹಗಲು ಹನ್ನೆರಡಕ್ಕೆ ತುಂಬಿಸುವ ಕರೆಂಟಿಗೂ ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ ಉರಿಯುವಾಗ ತುಂಬಿಸುವ ಕರೆಂಟಿಗೂ ವ್ಯತ್ಯಾಸವಿದೆ: ಹಗಲಿನದರಲ್ಲಿ ಬಿಸಿಲಿನ ಪಾಲು ಹೆಚ್ಚು. ರಜೆಯ ದಿನ ಮಧ್ಯಾಹ್ನ ಚಾರ್ಜಿಗೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಿಮ್ಮೂರಿನ ಬೂದಿಯ ಪ್ರಶ್ನೆಗೆ ಕಾರಿನವನ ಬಳಿ ಉತ್ತರವಿಲ್ಲ. ಅದನ್ನು ವಿದ್ಯುತ್ ನಿಗಮವನ್ನೇ ಕೇಳಬೇಕು, ಗಟ್ಟಿಯಾಗಿ ಕೇಳಬೇಕು.

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ): ನೀವು ಹೇಳಿದ ಮುನ್ನೂರು ಕಿಲೋಮೀಟರಿನವನು ನಾನೇ. 2014ರ ಪೆಟ್ರೋಲ್ ಕಾರು, ಈವರೆಗೆ 52 ಸಾವಿರ ಓಡಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದ ಎಂಜಿನ್ ಹಾಳಾಗುತ್ತದೆ, ಮಾರಿಬಿಡಿ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ: ಮಾರಬೇಡಿ ಸರ್. ನಿಮ್ಮ ಓಡಾಟಕ್ಕೆ ಯಾವ ಹೊಸ ಕಾರೂ ಹಣವನ್ನು ಮರಳಿಸುವುದಿಲ್ಲ, ಪರಿಸರಕ್ಕೂ ಅದರಿಂದ ಲಾಭವಿಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳ ರಬ್ಬರ್ ಪೈಪು, ವಾಷರುಗಳು ಬಿರಿಯುವ ಅಪಾಯವೂ ಇದೆ. ಒಮ್ಮೆ ಇಂಧನದ ಪೈಪುಗಳನ್ನೂ ಫಿಲ್ಟರನ್ನೂ ಬದಲಿಸಿಬಿಡಿ. ಎಥೆನಾಲ್ ನೀರನ್ನು ಹೀರುತ್ತದೆ. ಆದ್ದರಿಂದ ಧಾರವಾಡದ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ವಾರಗಟ್ಟಲೆ ನಿಲ್ಲಿಸಬೇಡಿ.

ಪ್ರಶ್ನೆ (ಖಾಸಗಿ ನೌಕರ, ಬೆಂಗಳೂರು): ಬಾಡಿಗೆ ಮನೆ, ಎರಡನೇ ಮಹಡಿ, ಕಾರು ಬೀದಿಯಲ್ಲಿ ನಿಲ್ಲುತ್ತದೆ. ಕಚೇರಿಯಲ್ಲಿಯೂ ಚಾರ್ಜಿಂಗ್ ಇಲ್ಲ. ವಿದ್ಯುತ್ ಕಾರು ಕೊಳ್ಳಬಹುದೇ?

ಉತ್ತರ: ಈಗ ಬೇಡ. ಹೊರಗಿನ ಚಾರ್ಜಿಂಗಿನಲ್ಲಿಯೂ ಕಿಲೋಮೀಟರಿಗೆ ಮೂರು ನಾಲ್ಕು ರೂಪಾಯಿಯಲ್ಲಿ ಮುಗಿಯುತ್ತದೆ, ಪೆಟ್ರೋಲಿಗೆ ಆರೂವರೆ. ಹಣವೇನೋ ಉಳಿಯುತ್ತದೆ, ವಾರದ ನೆಮ್ಮದಿ ಉಳಿಯುವುದಿಲ್ಲ. ಮನೆ ಬದಲಿಸುವ ಯೋಚನೆಯಿದ್ದರೆ ಚಾರ್ಜಿಂಗ್ ಇರುವ ಮನೆ ಮೊದಲು, ಕಾರು ಆಮೇಲೆ.

ಪ್ರಶ್ನೆ (ದಿನಸಿ ವ್ಯಾಪಾರಿ, ಅರಸೀಕೆರೆ): ಬ್ಯಾಟರಿ ಹೋದರೆ ಅರ್ಧ ಕಾರಿನ ಬೆಲೆ ಎನ್ನುತ್ತಾರೆ. ನಿಜವೇ?

ಉತ್ತರ: ಪೂರ್ತಿ ಬ್ಯಾಟರಿ ಬದಲಿಸಿದರೆ ಅಷ್ಟರ ಮಟ್ಟಿಗೇ ಬರುತ್ತದೆ. ಆದರೆ ಅದು ಬಲ್ಬ್ ಹೋದಂತೆ ಒಮ್ಮೆಲೇ ಹೋಗುವ ವಸ್ತುವಲ್ಲ, ವರ್ಷ ಕಳೆದಂತೆ ಅದರ ಹೊಟ್ಟೆ ಚಿಕ್ಕದಾಗುತ್ತದೆ. ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಸಾಮಾನ್ಯ. ಎಷ್ಟು ಶೇಕಡ ಇಳಿದರೆ ಬದಲಿಸಿಕೊಡುತ್ತಾರೆ, ಎರಡನೇ ಮಾಲೀಕನಿಗೂ ಅನ್ವಯಿಸುತ್ತದೆಯೇ ಎಂಬ ಎರಡು ಸಾಲನ್ನು ವಾರಂಟಿ ಪುಸ್ತಕದಲ್ಲಿ ಓದಿ. ಬ್ಯಾಟರಿಯಲ್ಲಿ ಎರಡು ಬಗೆ ಸಾಮಾನ್ಯ: ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್) ಆದರೆ ಆಗಾಗ ನೂರಕ್ಕೆ ತುಂಬಿಸಿ, ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಆದರೆ ದಿನಬಳಕೆಗೆ ಎಂಬತ್ತು ಸಾಕು.

ಶಿಕ್ಷಕಿ (ನಾಲ್ಕು ದಿನದ ನಂತರ): ಅಣ್ಣ, ಯಜಮಾನರು ಒಪ್ಪಿದರು. ಮನೆಯಲ್ಲಿ ಏನು ಸಿದ್ಧ ಮಾಡಿಕೊಳ್ಳಬೇಕು? ಪಕ್ಕದ ಮನೆಯವರು ಗೀಸರಿನ ಸಾಕೆಟ್ ಸಾಕು ಎನ್ನುತ್ತಾರೆ.

ಉತ್ತರ: ದಯವಿಟ್ಟು ಈ ಉತ್ತರವನ್ನು ಎರಡು ಬಾರಿ ಓದಿ. ಗೀಸರ್ ಹದಿನೈದು ನಿಮಿಷ ಉರಿಯುತ್ತದೆ, ಕಾರು ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ಹೋದ ವರ್ಷ ನಮ್ಮ ಗಿರಾಕಿಯೊಬ್ಬರ ಶೆಡ್ಡಿನಲ್ಲಿ ಸಾಕೆಟ್ ಕರಗಿ ಗೋಡೆ ಕಪ್ಪಾಗಿತ್ತು. ಒಳಗಿದ್ದದ್ದು ಹಳೆಯ ಸಣ್ಣ ತಂತಿ. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಎಂಸಿಬಿ (ಮಿತಿಮೀರಿ ಕರೆಂಟ್ ಎಳೆದರೆ ತಾನೇ ಕಡಿಯುವ ಸ್ವಿಚ್) ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಅರ್ಥಿಂಗ್. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಒಂದು ತುಂಡು ತಂತಿಯಿಂದ ಜೋಡಿಸುತ್ತಾರೆ. ಚಾರ್ಜರ್ ಮೋಸಹೋಗಿ ಕೆಲಸ ಶುರುಮಾಡುತ್ತದೆ. ಒಂದು ದಿನ ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಯೆಲ್ಲ ಕರೆಂಟ್ ಹರಿಯುತ್ತದೆ, ಬಾಗಿಲು ಮುಟ್ಟಿದ ಮಗು ಉಳಿಯುವುದಿಲ್ಲ. ಯಾರಾದರೂ ಹಾಗೆ ಮಾಡಲು ಬಂದರೆ ಕೆಲಸ ನಿಲ್ಲಿಸಿ ಹೊರಗೆ ಕಳಿಸಿ.

ಶಿಕ್ಷಕಿ: ಇವತ್ತು ಪರೀಕ್ಷೆ ಮಾಡಿಸಿದೆವು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 14 ವೋಲ್ಟ್ ತೋರಿಸಿತು. ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಎರಡು ಮೂರು ವೋಲ್ಟಿನೊಳಗೆ ಬರಬೇಕು. ಅರ್ಥಿಂಗಿನ ಹಳೆಯ ಗುಂಡಿ ಒಣಗಿರಬೇಕು, ಅಥವಾ ತಂತಿಯ ಜೋಡಣೆ ತುಕ್ಕು ಹಿಡಿದಿರಬೇಕು. ಶೆಡ್ಡಿನ ಪಕ್ಕದಲ್ಲೇ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಮೂರು ದಿನ ನೀರು ಹಾಕಿ. ಆಮೇಲೆ ಗೀಸರ್ ಆನ್ ಮಾಡಿಟ್ಟುಕೊಂಡು ಮತ್ತೆ ಅಳೆಸಿ, ವೋಲ್ಟ್ ಅಳೆದ ಮೀಟರಿನ ಫೋಟೊ ಇಲ್ಲಿ ಹಾಕಿ. ಅಲ್ಲಿಯವರೆಗೆ ಕಾರಿನ ಡೆಲಿವರಿ ತೆಗೆದುಕೊಳ್ಳಬೇಡಿ.