20 ಲೀಟರ್ ಗೋಳದಲ್ಲಿ ಒರಟು ಧೂಳಿಗೂ ನುಣ್ಣನೆಯ ಧೂಳಿನಷ್ಟೇ ಕೆಎಸ್‌ಟಿ ಬರುತ್ತಿದೆ, ಕಾರಣವೇನು?

ಪ್ರಶ್ನೆ:
ಸ್ಪ್ರೇ ಡ್ರೈಯಿಂಗ್‌ನಿಂದ (ದ್ರವವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವುದು) ತಯಾರಾದ ಸಾವಯವ ಪುಡಿಯೊಂದನ್ನು ಜರಡಿ ಹಿಡಿದು, 125ರಿಂದ 250 ಮೈಕ್ರಾನ್ ಗಾತ್ರದ ಭಾಗವನ್ನು ಮಾತ್ರ, ಮುಚ್ಚಿದ 20 ಲೀಟರ್ ಗೋಳದೊಳಗೆ ಧೂಳನ್ನು ಗಾಳಿಯಿಂದ ಚದುರಿಸಿ ಹೊತ್ತಿಸುವ ಸ್ಫೋಟ ಪರೀಕ್ಷೆಗೆ ಒಳಪಡಿಸಿದೆವು. 75 ಮೈಕ್ರಾನ್‌ಗಿಂತ ಸಣ್ಣ ಭಾಗಕ್ಕೆ ಬಂದ ಕೆಎಸ್‌ಟಿಯೇ (ಸ್ಫೋಟದಲ್ಲಿ ಒತ್ತಡ ಎಷ್ಟು ವೇಗವಾಗಿ ಏರುತ್ತದೆ ಎಂಬುದರ ಅಳತೆ) ಹೆಚ್ಚುಕಡಿಮೆ ಇದಕ್ಕೂ ಬಂದಿದೆ. ಧೂಳಿನ ಪಾತ್ರೆಯಲ್ಲಿ 20 ಬಾರ್, ಗೋಳದಲ್ಲಿ 0.4 ಬಾರ್‌ವರೆಗೆ ನಿರ್ವಾತ, ಚದುರಿಸುವುದಕ್ಕೂ ಹೊತ್ತಿಸುವುದಕ್ಕೂ ನಡುವೆ 60 ಮಿಲಿಸೆಕೆಂಡ್ ವಿಳಂಬ, ಹೊತ್ತಿಸಲು ತಲಾ 5 ಕಿಲೋಜೂಲ್‌ನ ಎರಡು ಇಗ್ನೈಟರ್, ಯಾವುದನ್ನೂ ಬದಲಿಸಿಲ್ಲ. ಒತ್ತಡದ ಸೆನ್ಸರ್‌ಗಳೂ ಸರಿಯಾಗಿವೆ. ದೋಷ ಎಲ್ಲಿರಬಹುದು?

ಉತ್ತರ:
ಉಪಕರಣವನ್ನು ಸಂದೇಹಿಸುವ ಮೊದಲು ಪುಡಿಯನ್ನೇ ಸಂದೇಹಿಸಿ. ಸ್ಪ್ರೇ ಡ್ರೈ ಆದ ಕಣಗಳು ಹಲವು ಸಲ ಟೊಳ್ಳಾಗಿರುತ್ತವೆ, ಇಲ್ಲವೇ ಸಣ್ಣ ಕಣಗಳು ಅಂಟಿಕೊಂಡು ಆದ ಗಂಟುಗಳಾಗಿರುತ್ತವೆ. 0.6 ಲೀಟರ್‌ನ ಧೂಳಿನ ಪಾತ್ರೆಯ ಗಾಳಿ ವಾಲ್ವ್‌ನ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿ, ನಾಝಲ್‌ಗೆ ಅಪ್ಪಳಿಸಿ ಗೋಳವನ್ನು ಸೇರುವಾಗ ಇಂಥ ಕಣಗಳು ಒಂದಕ್ಕೊಂದು ಉಜ್ಜಿ, ಲೋಹಕ್ಕೆ ಬಡಿದು ಒಡೆಯುತ್ತವೆ. ಆದ್ದರಿಂದ ಜರಡಿಯಲ್ಲಿ ನೀವು ಕಂಡ ಧೂಳು ಬೇರೆ, ಇಗ್ನೈಟರ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಗೋಳದಲ್ಲಿ ತೇಲುತ್ತಿರುವ ಧೂಳೇ ಬೇರೆ ಆಗಿರುವ ಸಾಧ್ಯತೆ ಬಹಳ.

ಸಾವಯವ ಕಣ ಮೊದಲು ಕಾದು ಅನಿಲವನ್ನು ಬಿಡುತ್ತದೆ. ಉರಿಯುವುದು ಬಹುಮಟ್ಟಿಗೆ ಆ ಅನಿಲವೇ. ಕಣ ಸಣ್ಣದಾದಷ್ಟೂ ಅದೇ ತೂಕದ ಪುಡಿಗೆ ಮೇಲ್ಮೈ ಹೆಚ್ಚಾಗಿ, ಅನಿಲ ಬೇಗ ಹೊರಬರುತ್ತದೆ, ಒತ್ತಡ ಏರುವ ವೇಗವೂ ಹೆಚ್ಚುತ್ತದೆ. ಗರಿಷ್ಠ ಒತ್ತಡವಾದರೋ ಒಟ್ಟು ಬಿಡುಗಡೆಯಾದ ಶಾಖವನ್ನು ಅವಲಂಬಿಸಿರುವುದರಿಂದ, ಗಾತ್ರದ ಪ್ರಭಾವ ಅಲ್ಲಿ ಕೆಎಸ್‌ಟಿಯಲ್ಲಿ ಕಾಣುವಷ್ಟು ತೀವ್ರವಾಗಿ ಕಾಣುವುದಿಲ್ಲ.

ಹೀಗೆ ಪರೀಕ್ಷಿಸಿ: ಇಗ್ನೈಟರ್ ಇಲ್ಲದೆ, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಪುಡಿಯನ್ನು ಗೋಳಕ್ಕೆ ಚದುರಿಸಿ, ಅದು ಕೆಳಗೆ ಕೂರುವವರೆಗೆ ಕಾದು, ಗೋಡೆಗೆ ಅಂಟಿದ್ದನ್ನೂ ಬಿಡದೆ ಬ್ರಷ್‌ನಿಂದ ಒಟ್ಟುಮಾಡಿ, ಲೇಸರ್ ಡಿಫ್ರಾಕ್ಷನ್‌ನಲ್ಲಿ (ಕಣಗಳು ಲೇಸರ್ ಬೆಳಕನ್ನು ಚದುರಿಸುವ ರೀತಿಯಿಂದ ಗಾತ್ರ ಅಳೆಯುವ ವಿಧಾನ) ಗಾತ್ರವನ್ನು ಅಳೆಯಿರಿ. ನುಣ್ಣನೆಯದು ಗೋಡೆಯ ಮೇಲೆಯೇ ಉಳಿದುಬಿಟ್ಟರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ನಾಝಲ್ ತೆಗೆದು ಇನ್ನೊಮ್ಮೆ ಇದನ್ನೇ ಮಾಡಿದರೆ ಕಣ ಒಡೆಯುತ್ತಿರುವುದು ವಾಲ್ವ್‌ನಲ್ಲೋ ನಾಝಲ್‌ನಲ್ಲೋ ಎಂಬುದೂ ತಿಳಿಯುತ್ತದೆ. ಪಾತ್ರೆಯಲ್ಲಿ ಉಳಿದ ಪುಡಿಯನ್ನು ತಪ್ಪದೆ ತೂಗಿ. ಪ್ರತಿ ಘನಮೀಟರ್‌ಗೆ 250 ಗ್ರಾಂ ಸಾಂದ್ರತೆ ಎಂದರೆ ಗೋಳಕ್ಕೆ ಕೇವಲ 5 ಗ್ರಾಂ, ಅದರಲ್ಲಿ 1 ಗ್ರಾಂ ಹಿಂದೆ ಉಳಿದರೂ ನಿಜವಾದ ಸಾಂದ್ರತೆ 200ಕ್ಕೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ:
ಅಳೆದೆವು. ಚದುರಿಸಿದ ನಂತರದ ಪುಡಿಯಲ್ಲಿ ಬಹುಪಾಲು 75 ಮೈಕ್ರಾನ್‌ಗಿಂತ ಕೆಳಗಿದೆ. ನಾಝಲ್ ತೆಗೆದಾಗಲೂ ಬಹುತೇಕ ಹಾಗೆಯೇ ಬಂದಿತು. ಸೂಕ್ಷ್ಮದರ್ಶಕದಲ್ಲಿ ಇಡೀ ಗೋಲಿಗಳು ವಿರಳವಾಗಿದ್ದು, ಚೂಪಂಚಿನ ತೆಳು ಚಿಪ್ಪಿನ ಚೂರುಗಳೇ ತುಂಬಿವೆ. ಚದುರಿಸುವ ಒತ್ತಡವನ್ನು ಇಳಿಸಿದರೆ ಸರಿಹೋಗುವುದೇ?

ಉತ್ತರ:
ದಯವಿಟ್ಟು ಇಳಿಸಬೇಡಿ. 60 ಮಿಲಿಸೆಕೆಂಡ್ ವಿಳಂಬವೂ 20 ಬಾರ್ ಒತ್ತಡವೂ ಕೂಡಿಯೇ ಕಿಡಿ ಹೊತ್ತುವ ಕ್ಷಣದಲ್ಲಿ ಗೋಳದೊಳಗಿನ ಗಾಳಿಯ ಪ್ರಕ್ಷುಬ್ಧತೆಯನ್ನು ನಿರ್ಧರಿಸುತ್ತವೆ. ಒಂದನ್ನು ಬದಲಿಸಿದರೆ ನಿಮ್ಮ ಕೆಎಸ್‌ಟಿಯನ್ನು ಬೇರೆ ಯಾವುದರೊಂದಿಗೂ ಹೋಲಿಸಲಾಗದು. ಗೋಳಕ್ಕೆ ಬರುವ ಗಾಳಿಯೂ ಕಡಿಮೆಯಾಗಿ ಆರಂಭದ ಒತ್ತಡ 1 ಬಾರ್‌ಗೆ ಮುಟ್ಟದು. ಒಡೆಯುತ್ತಿರುವುದು ಮುಖ್ಯವಾಗಿ ವಾಲ್ವ್‌ನಲ್ಲಿ ಎಂದು ನಿಮ್ಮ ಅಳತೆಯೇ ತೋರಿಸಿರುವುದರಿಂದ ನಾಝಲ್ ಬದಲಾಯಿಸಿಯೂ ಹೆಚ್ಚಿನ ಪ್ರಯೋಜನವಿಲ್ಲ. ವರದಿಯಲ್ಲಿ ಚದುರಿಸುವ ಮುಂಚಿನ ಮತ್ತು ನಂತರದ ಗಾತ್ರಗಳೆರಡನ್ನೂ ಬರೆಯಿರಿ, ಈ ಕೆಎಸ್‌ಟಿಯನ್ನು ಒರಟು ಭಾಗದ ಹೆಸರಿನಲ್ಲಿ ದಾಖಲಿಸಬೇಡಿ. ಸ್ಫೋಟ ದ್ವಾರದ (ಸ್ಫೋಟವಾದಾಗ ತೆರೆದು ಒತ್ತಡವನ್ನು ಹೊರಬಿಡುವ ದ್ವಾರ) ವಿನ್ಯಾಸಕ್ಕೆ ನುಣ್ಣನೆಯ ಭಾಗದ ಮೌಲ್ಯವನ್ನೇ ಬಳಸಿ. ಕಾರ್ಖಾನೆಯ ಗಾಳಿ ಕೊಳವೆಗಳಲ್ಲಿ ಸಾಗುವಾಗಲೂ ಇಷ್ಟು ಪೆಡಸಾದ ಕಣಗಳು ಒಡೆಯದೆ ಉಳಿಯುತ್ತವೆ ಎಂದು ನಂಬಲು ಆಧಾರವಿಲ್ಲ.