ಕೇಪಿನ ರಿವಾಲ್ವರ್ ಕೊಳ್ಳುವುದು, ತೋಟಾಕ್ಕೆ ಬದಲಿಸುವುದು: ಬಲ್ಲವರು ಹೇಳಿದ್ದು

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ರೇಂಜಿನಲ್ಲಿ ಗುರಿ ಹೊಡೆಯಲು ಇಟಲಿಯಲ್ಲಿ ತಯಾರಾಗುವ, ಕೇಪು (ಹ್ಯಾಮರ್ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಟೋಪಿ) ಹಾಕುವ ಕರಿಮದ್ದಿನ ರಿವಾಲ್ವರ್ ಕೊಳ್ಳಬೇಕೆಂದಿದ್ದೇನೆ. 1858ರ ರೆಮಿಂಗ್ಟನ್ ಮಾದರಿ, 1860ರ ಕೋಲ್ಟ್ ಆರ್ಮಿ ಮಾದರಿ, ಇವೆರಡರಲ್ಲಿ ಯಾವುದು? ಹಿತ್ತಾಳೆ ಫ್ರೇಮಿನದು ಅಗ್ಗಕ್ಕೆ ಸಿಗುತ್ತಿದೆ. ಮುಂದೆ .45 ಕೋಲ್ಟ್ ತೋಟಾ ಹಾಕುವ ಸಿಲಿಂಡರ್ ಕೂಡಿಸುವ ಆಸೆಯೂ ಇದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ತೋಟಾದ ಆಸೆ ಇದ್ದರೆ ಹಿತ್ತಾಳೆಯದನ್ನು ಈಗಲೇ ಬಿಟ್ಟುಬಿಡಿ. ಹಿತ್ತಾಳೆ ಮೆತ್ತಗಿನ ಲೋಹ. ಪ್ರತಿ ಈಡಿಗೂ ಸಿಲಿಂಡರ್ ಹಿಂದಕ್ಕೆ ಬಡಿಯುತ್ತದೆ, ಬಡಿದಲ್ಲೆಲ್ಲ ಫ್ರೇಮಿನ ಮೇಲೆ ಉಂಗುರದಂತೆ ಅಚ್ಚು ಬೀಳುತ್ತದೆ. ಕೋಲ್ಟ್ ಮಾದರಿಯಲ್ಲಾದರೆ ಆರ್ಬರ್ (ಸಿಲಿಂಡರ್ ತಿರುಗುವ ನಡುಗಂಬ) ಫ್ರೇಮಿನೊಳಗೆ ಸಡಿಲವಾಗತೊಡಗುತ್ತದೆ. ಒಮ್ಮೆ ಸಡಿಲವಾಯಿತೆಂದರೆ ರಿಪೇರಿಗೆ ಆಗುವ ಖರ್ಚಿಗೆ ಇನ್ನೊಂದು ರಿವಾಲ್ವರೇ ಬರುತ್ತದೆ. .44ರ (ನಳಿಗೆಯ ಅಳತೆಯ ಹೆಸರು, ಇಂಚಿನಲ್ಲಿ) ಹಿತ್ತಾಳೆಯದು ನಿಮ್ಮ ಬಳಿ ಈಗಾಗಲೇ ಇದ್ದರೆ 15ರಿಂದ 20 ಗ್ರೇನ್ (ಮದ್ದಿನ ಅಳತೆ) ಮದ್ದಿಗೆ ನಿಲ್ಲಿಸಿ, ಹೆಚ್ಚು ಕಾಲ ಬಾಳುತ್ತದೆ. ಇನ್ನೊಂದು ವಿಷಯ: ಕೋಲ್ಟ್ ಕಂಪನಿ ಆರ್ಮಿ ಮಾದರಿಯನ್ನು ಹಿತ್ತಾಳೆ ಫ್ರೇಮಿನಲ್ಲಿ ಮಾಡಿಯೇ ಇಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉಕ್ಕು ಸಿಗದೆ ಹಿತ್ತಾಳೆಗೆ ಕೈ ಹಾಕಿದ್ದು ದಕ್ಷಿಣದ ಕಾರ್ಖಾನೆಗಳು. ಜಾರ್ಜಿಯಾದ ಗ್ರಿಸ್‌ವೋಲ್ಡ್ ಅಂಡ್ ಗನ್ನಿಸನ್ ಅವುಗಳಲ್ಲಿ ಒಂದು.

ಉಕ್ಕಿನಲ್ಲಿ ಮೊದಲ ರಿವಾಲ್ವರ್ ಎಂದರೆ ನನ್ನ ಮತ ರೆಮಿಂಗ್ಟನ್‌ಗೆ. ಸಿಲಿಂಡರಿನ ಮೇಲೆ ಫ್ರೇಮಿನ ಪಟ್ಟಿ ಹಾದುಹೋಗುವುದರಿಂದ ಗಟ್ಟಿ. ಲೋಡಿಂಗ್ ಲಿವರ್ ಇಳಿಸಿ ಪಿನ್ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. (1858 ಎಂಬುದು ನಳಿಗೆಯ ಮೇಲಿನ ಪೇಟೆಂಟ್ ವರ್ಷ. ಆ ಮಾದರಿ ಸೈನ್ಯದ ಕೈಗೆ ಬಂದದ್ದು ಅಂತರ್ಯುದ್ಧ ಶುರುವಾದ ಮೇಲೆ.)

ಉತ್ತರ: ಮೇಲಿನವರ ಮಾತು ಸರಿ, ಆದರೆ ರೆಮಿಂಗ್ಟನ್‌ನ ಒಂದು ಕೊರತೆಯನ್ನೂ ಹೇಳಬೇಕು. ಅದರ ಪಿನ್ ಸಣ್ಣದು, ಗ್ರೀಸ್ ಹಿಡಿದಿಡುವ ತೋಡು ಅದರಲ್ಲಿಲ್ಲ. ಎರಡು ಮೂರು ಸಿಲಿಂಡರ್ ಹೊಡೆಯುವಷ್ಟರಲ್ಲಿ ಮಸಿ ಕಟ್ಟಿ ತಿರುಗಲು ಬಿಗಿಯಾಗುತ್ತದೆ. ಕೋಲ್ಟ್‌ನ ಆರ್ಬರ್ ದಪ್ಪಗಿದೆ, ಮೈಮೇಲೆ ತೋಡುಗಳಿವೆ, ಅದು ಹೆಚ್ಚು ಹೊತ್ತು ಸಲೀಸಾಗಿ ತಿರುಗುತ್ತದೆ. ರೆಮಿಂಗ್ಟನ್ ಕೊಂಡರೆ ಪ್ರತಿ ಎರಡು ಸಿಲಿಂಡರಿಗೊಮ್ಮೆ ಪಿನ್ ಹೊರತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಜೇನುಮೇಣ ಮತ್ತು ಕೊಬ್ಬು ಕಲಸಿದ ಗ್ರೀಸ್ ಸವರಿ. ಪೆಟ್ರೋಲಿಯಂ ಎಣ್ಣೆ ಬೇಡ, ಕರಿಮದ್ದಿನ ಮಸಿಯ ಜೊತೆ ಸೇರಿ ಡಾಂಬರಿನಂತೆ ಅಂಟುತ್ತದೆ.

ಕೋಲ್ಟ್ ಮಾದರಿಯೇ ಬೇಕೆಂದರೆ ಆರ್ಬರಿನ ಉದ್ದ ನೋಡದೆ ಮುಂದುವರಿಯಬೇಡಿ. ಇಟಲಿಯ ತಯಾರಕರಲ್ಲಿ ಊಬರ್ಟಿಯ ಕೋಲ್ಟ್‌ಗಳಲ್ಲಿ ಅದು ಸಾಮಾನ್ಯವಾಗಿ ಗಿಡ್ಡ, ಪಿಯೆಟ್ಟಾದವು ಹೆಚ್ಚಾಗಿ ಸರಿ ಇರುತ್ತವೆ. ಆರ್ಬರಿನ ತುದಿ ನಳಿಗೆಯ ರಂಧ್ರದ ತಳ ಮುಟ್ಟಬೇಕು. ಮುಟ್ಟದಿದ್ದರೆ, ನಳಿಗೆಯನ್ನು ಹಿಡಿದಿಡುವ ಬೆಣೆಯನ್ನು ಬಡಿದಷ್ಟೂ ನಳಿಗೆ ಹಿಂದಕ್ಕೆ ಸರಿದು ಓರೆಯಾಗುತ್ತದೆ, ಸಿಲಿಂಡರಿಗೆ ಒತ್ತಿಕೊಳ್ಳುತ್ತದೆ, ಒಂದು ದಿನ ಇದ್ದ ಗುರಿ ಮರುದಿನ ಇರುವುದಿಲ್ಲ. ಪರೀಕ್ಷೆ ಸುಲಭ. ಖಾಲಿ ರಿವಾಲ್ವರಿನ ಸಿಲಿಂಡರ್ ತೆಗೆದಿಡಿ. ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಆರ್ಬರಿನ ಮೇಲೆ ಕೊನೆಯವರೆಗೆ ತಳ್ಳಿ, ಆಮೇಲೆ ತನ್ನ ಜಾಗಕ್ಕೆ ತಿರುಗಿಸಿ. ನಳಿಗೆಯ ಕೆಳಭಾಗ ಫ್ರೇಮಿಗೆ ಅಡ್ಡ ಬಂದು ತಡೆಯಿತೆಂದರೆ ಎಷ್ಟು ಅಡ್ಡ ಬಂತೋ ಅಷ್ಟು ಗಿಡ್ಡ ಎಂದರ್ಥ. ಅಷ್ಟೇ ದಪ್ಪದ ಉಕ್ಕಿನ ಬಿಲ್ಲೆಯನ್ನು ರಂಧ್ರದ ತಳಕ್ಕೆ ಕೂರಿಸುವುದು ಇದಕ್ಕೆ ಪರಿಹಾರ. ಬೆಣೆ ಬಿಗಿದ ಮೇಲೆ ಸಿಲಿಂಡರಿಗೂ ನಳಿಗೆಗೂ ನಡುವೆ 0.003ರಿಂದ 0.006 ಇಂಚು ಸಂದು ಉಳಿದರೆ ಕೆಲಸ ಚೆನ್ನಾಗಿ ಆಯಿತು ಅಂತ ತಿಳಿಯಿರಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಳೆಯಿರಿ, ಕಣ್ಣಂದಾಜು ಸಾಲದು.

ಪ್ರಶ್ನೆ: ಕೇಪು ಸರಿಯಾಗಿ ಸಿಡಿಯುವುದಿಲ್ಲ, ಎರಡನೇ ಹೊಡೆತಕ್ಕೆ ಸಿಡಿಯುತ್ತದೆ ಅಂತ ಬಹಳ ಜನ ದೂರುತ್ತಾರೆ. ಕೇಪು ಕೆಟ್ಟದ್ದೋ, ಸ್ಪ್ರಿಂಗ್ ಬಲ ಸಾಲದೋ?

ಉತ್ತರ: ಹತ್ತರಲ್ಲಿ ಎಂಟು ಸಲ ಎರಡೂ ಅಲ್ಲ, ಕೇಪು ನಿಪ್ಪಲಿನ (ಸಿಲಿಂಡರಿನ ಹಿಂದೆ ಕೇಪು ತೊಡಿಸುವ, ತೂತಿರುವ ಮೊಳೆ) ಮೇಲೆ ಪೂರ್ತಿ ಕೂತಿರುವುದಿಲ್ಲ. ಹ್ಯಾಮರಿನ ಮೊದಲ ಹೊಡೆತದ ಬಲವೆಲ್ಲ ಕೇಪನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಎರಡನೆಯದು ಸಿಡಿಸುತ್ತದೆ. ಕಾರ್ಖಾನೆಯ ನಿಪ್ಪಲಿನ ಶಂಕುವಿಗೆ 10ನೇ ನಂಬರ್ ಕೇಪು ಬಿಗಿ, 11 ಸಡಿಲ, ಹೀಗೆ ನಡುವೆ ಬರುವುದುಂಟು. ಕೇಪನ್ನು ಚಿವುಟಿ ಮೊಟ್ಟೆಯಾಕಾರ ಮಾಡಿ ತೊಡಿಸುವವರಿದ್ದಾರೆ, ಅದು ಆ ಹೊತ್ತಿನ ಉಪಾಯ ಮಾತ್ರ. ಟ್ರೆಸೊ ಅಥವಾ ಸ್ಲಿಕ್ಸ್-ಶಾಟ್ ನಿಪ್ಪಲ್ ಆರು ತಂದು ಹಾಕಿ. ಪಿಯೆಟ್ಟಾ, ಊಬರ್ಟಿ ಎರಡಕ್ಕೂ ಸಾಮಾನ್ಯವಾಗಿ 6×0.75 ಮಿಲಿಮೀಟರ್ ಥ್ರೆಡ್. ಹಾಕುವಾಗ ಥ್ರೆಡ್ಡಿಗೆ ಚೂರು ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಗ್ರೀಸ್) ಸವರಿ, ಕೈಬಿಗಿಗಿಂತ ತುಸು ಹೆಚ್ಚು ಬಿಗಿದರೆ ಸಾಕು. ಕೇಪನ್ನು ಹೆಬ್ಬೆರಳಲ್ಲಿ ಒತ್ತಬೇಡಿ, ಮರದ ಕಡ್ಡಿಯಿಂದ ಒತ್ತಿ ಕೂರಿಸಿ.

ಸಡಿಲ ಕೇಪಿಗೆ ಹೆದರಲು ಇನ್ನೂ ದೊಡ್ಡ ಕಾರಣವಿದೆ. ಸಿಲಿಂಡರಿನ ಒಂದು ಕೋಣೆ (ಮದ್ದು, ಗುಂಡು ತುಂಬುವ ತೂತು) ಹೊಡೆದಾಗ ಪಕ್ಕದ ಕೋಣೆಯೂ ಹೊತ್ತಿಕೊಳ್ಳುವುದು, ಅಂದರೆ ಚೈನ್ ಫೈರ್. ಬೆಂಕಿ ಮುಂದಿನಿಂದಲೂ ನುಗ್ಗಬಹುದು, ಉದುರಿದ ಕೇಪಿನಿಂದಾಗಿ ಬೋಳಾದ ನಿಪ್ಪಲಿನ ತೂತಿನಿಂದಲೂ ನುಗ್ಗಬಹುದು. ಗುಂಡಿನ ಮೇಲೆ ಗ್ರೀಸ್ ಮೆತ್ತಿದೆವು, ಇನ್ನು ಭಯವಿಲ್ಲ ಅನ್ನುವವರು ಹಿಂಬದಿಯನ್ನು ಮರೆತಿರುತ್ತಾರೆ.

ಉತ್ತರ: ತುಂಬುವ ಕ್ರಮವನ್ನು ಬಿಡಿಸಿ ಹೇಳುತ್ತೇನೆ, ತಪ್ಪುಗಳೆಲ್ಲ ಇಲ್ಲೇ ಆಗುವುದು.

ಮೊದಲು ಖಾಲಿ ಕೋಣೆಗಳಿಗೆ ಒಂದೊಂದು ಕೇಪು ಹಾಕಿ, ನಳಿಗೆಯ ಬಾಯನ್ನು ಹುಲ್ಲಿನತ್ತ ಹಿಡಿದು ಸಿಡಿಸಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ, ಉಳಿದ ಎಣ್ಣೆಯೂ ಸುಟ್ಟುಹೋಯಿತು. ಆಮೇಲೆ ಹ್ಯಾಮರನ್ನು ಅರ್ಧ ಎಳೆದು ನಿಲ್ಲಿಸಿ, 3ಎಫ್ (ಸಣ್ಣ ಕಾಳಿನ) ಕರಿಮದ್ದನ್ನು ಅಳತೆ ಕೊಳವೆಯಲ್ಲಿ ತೆಗೆದು ಸುರಿಯಿರಿ. .44ಕ್ಕೆ 25ರಿಂದ 30 ಗ್ರೇನ್, .36ರ ನೇವಿ ಮಾದರಿಗೆ 15ರಿಂದ 22. ಡಬ್ಬಿಯಿಂದ ನೇರವಾಗಿ ಕೋಣೆಗೆ ಬಗ್ಗಿಸಲೇಬೇಡಿ, ಒಳಗೆ ಕೆಂಡದ ಕಿಡಿ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಅದರ ಮೇಲೆ ಗ್ರೀಸ್ ಹಚ್ಚಿದ ಉಣ್ಣೆಯ ಬಿಲ್ಲೆ, ಆಮೇಲೆ ಗುಂಡು. ಗುಂಡು ಶುದ್ಧ ಸೀಸದ್ದಾಗಿರಬೇಕು. ಪಿಯೆಟ್ಟಾಗೆ .451 ಅಥವಾ .454, ಊಬರ್ಟಿಗೆ .454, .36ಕ್ಕೆ .375. ಲಿವರ್ ಒತ್ತಿದಾಗ ಸೀಸದ ತೆಳು ಬಳೆಯೊಂದು ಕತ್ತರಿಸಿ ಹೊರಬಂದರೆ ಕೋಣೆಯ ಬಾಯಿ ಮುಚ್ಚಿತು ಎಂಬುದಕ್ಕೆ ಅದೇ ಸಾಕ್ಷಿ. ಬಳೆ ಬರದಿದ್ದರೆ ಗುಂಡು ಸಣ್ಣದು, ಹೊಡೆಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿಯಬಾರದು. ಕಡಿಮೆ ಮದ್ದು ಹಾಕಿ ಗುಂಡು ಆಳಕ್ಕೆ ಹೋಗುವುದಾದರೆ ಮೆಕ್ಕೆಜೋಳದ ಹಿಟ್ಟು ತುಂಬಿಸಿ ಸಮ ಮಾಡಿ. ಗುಂಡು ಕೋಣೆಯ ಬಾಯಿಗಿಂತ ಮೇಲೆ ಉಳಿದರೆ ಸಿಲಿಂಡರ್ ತಿರುಗುವುದಿಲ್ಲ. ಕೇಪು ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆ ತಿರುಗಿ ನಿಂತ ಮೇಲೆ.

ಕೇಪು ಸಿಡಿದೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷ ಕಾಯಿರಿ. ಕರಿಮದ್ದಿನ ಬದಲು ಟ್ರಿಪಲ್ ಸೆವೆನ್ ಎಂಬ ಮದ್ದು ಬಳಸುವುದಾದರೆ ಅಳತೆಯಲ್ಲಿ ಶೇ. 15 ಕಡಿಮೆ ಮಾಡಿ. ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಕೂಡದು, ಸಿಲಿಂಡರ್ ಛಿದ್ರವಾಗುತ್ತದೆ.

ಉತ್ತರ: ಈಗ ತೋಟಾದ ಮಾತು. ಬದಲಾವಣೆ ಹೊಸದೇನಲ್ಲ. 1868ರಲ್ಲಿ ರೆಮಿಂಗ್ಟನ್ ಕಂಪನಿ ರೋಲಿನ್ ವೈಟ್ ಪೇಟೆಂಟಿಗಾಗಿ (ಹಿಂದಿನಿಂದ ತೋಟಾ ತುಂಬುವ ಸಿಲಿಂಡರಿನದು) ಸ್ಮಿತ್ ಅಂಡ್ ವೆಸನ್‌ಗೆ ರಾಯಧನ ಕೊಟ್ಟು, ತನ್ನ ಕೇಪಿನ ರಿವಾಲ್ವರುಗಳನ್ನು .46 ರಿಮ್‌ಫೈರ್ (ಅಂಚಿಗೆ ಬಡಿದರೆ ಸಿಡಿಯುವ) ತೋಟಾಕ್ಕೆ ಬದಲಿಸಿ ಮಾರಿತು. ಅದು ಐದು ತೋಟಾದ ಸಿಲಿಂಡರ್. ಇಂದು ಕರ್ಸ್ಟ್, ಹೋವೆಲ್ ಹೆಸರಿನ ಸಿದ್ಧ ಸಿಲಿಂಡರುಗಳು ಸಿಗುತ್ತವೆ. ಉಕ್ಕಿನ ರೆಮಿಂಗ್ಟನ್‌ಗೆ ಇವು ಕೊರೆತವಿಲ್ಲದೆ ಕೂರುತ್ತವೆ, ಸಿಲಿಂಡರ್ ಹೊರತೆಗೆದು ತೋಟಾ ತುಂಬಿ ಮತ್ತೆ ಹಾಕಿದರಾಯಿತು. ಕೋಲ್ಟ್‌ಗೆ ಪಕ್ಕದಿಂದ ತುಂಬಬೇಕೆಂದರೆ ಫ್ರೇಮಿನಲ್ಲಿ ತೋಡು ಕೊರೆಯಬೇಕು, ಅದನ್ನು ಬಂದೂಕು ರಿಪೇರಿಯವರಿಗೇ ಬಿಡಿ. ನಿಮ್ಮ ರಿವಾಲ್ವರ್ ಯಾವ ಕಂಪನಿಯದೋ ಆ ಕಂಪನಿಗೆಂದೇ ಮಾಡಿದ ಸಿಲಿಂಡರ್ ತರಿಸಿ. ಪಿಯೆಟ್ಟಾದ್ದು ಊಬರ್ಟಿಗೆ ಹೊಂದುವುದಿಲ್ಲ. ಕೂರಿಸಿದ ಮೇಲೆ ಖಾಲಿ ಇರುವಾಗಲೇ ಹ್ಯಾಮರ್ ನಿಧಾನಕ್ಕೆ ಎಳೆದು ಪ್ರತಿ ಕೋಣೆಯೂ ಬೀಗ ಬಿದ್ದು ನಿಲ್ಲುತ್ತದೆಯೇ ನೋಡಿ. ಕೋಣೆ ಪೂರ್ತಿ ಬರುವ ಮೊದಲೇ ಹ್ಯಾಮರ್ ಕೊನೆ ಮುಟ್ಟಿದರೆ ಹೊಡೆಯಬೇಡಿ, ಗುಂಡು ನಳಿಗೆಯ ಅಂಚಿಗೆ ತಾಗುತ್ತದೆ.

.44 ಎಂದು ಕರೆದರೂ ನಳಿಗೆಯ ಒಳ ಅಳತೆ .451ರ ಹತ್ತಿರ, ಅದಕ್ಕೇ .45 ಕೋಲ್ಟ್‌ನ ಗುಂಡು ಹೊಂದುವುದು. .36ಕ್ಕೆ .38 ತೋಟಾ ಹಾಕಿದರೆ ಗುಂಡು ಸಡಿಲವಾಗಿ ತೂರಾಡುತ್ತದೆ. ತಳ ಟೊಳ್ಳಾದ ಸೀಸದ ಗುಂಡು ಬೇಕು, ಇಲ್ಲವೇ ನಳಿಗೆಗೆ ಒಳಕೊಳವೆ ಹಾಕಿಸಬೇಕು. ತೋಟಾ ಯಾವಾಗಲೂ ‘ಕೌಬಾಯ್’ ಎಂದು ಮಾರುವ ಮೆದು ತೋಟಾವೇ ಆಗಿರಲಿ, ಬರೀ ಸೀಸದ ಗುಂಡು. ತಾಮ್ರ ಹೊದೆಸಿದ್ದು ಬೇಡ, ಬಿರುಸಿನ ತೋಟಾ ಬೇಡ. ಸಿಲಿಂಡರ್ ತಡೆದೀತು, ಫ್ರೇಮ್ ತಡೆಯುವುದಿಲ್ಲ.

ಕಾನೂನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಕೇಪಿನ ಪ್ರತಿಕೃತಿ ‘ಪುರಾತನ ಆಯುಧ’ದ ಲೆಕ್ಕ. ತೋಟಾದ ಸಿಲಿಂಡರ್ ಕೂಡಿಸಿದ ಕ್ಷಣದಿಂದ ಅದು ಮಾಮೂಲಿ ಕೈಬಂದೂಕು, ಇಟ್ಟುಕೊಳ್ಳುವುದು, ಒಯ್ಯುವುದು, ಕೈ ಬದಲಿಸುವುದು ಎಲ್ಲಕ್ಕೂ ಕೈಬಂದೂಕಿನ ನಿಯಮವೇ. ರಾಜ್ಯ ಬದಲಾದರೆ ನಿಯಮವೂ ಬದಲು. ನ್ಯೂಜೆರ್ಸಿಯಲ್ಲಿ ಕೇಪಿನದಕ್ಕೂ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಕೇಪಿನದನ್ನು ಸರ್ಟಿಫಿಕೇಟ್ ಪಡೆದು ಇಟ್ಟುಕೊಳ್ಳಬಹುದು, ತೋಟಾಕ್ಕೆ ಬದಲಿಸಿದರೆ ನಿಷಿದ್ಧ. ಊರಿಗೆ ಬರುವಾಗ ತರುವ ಯೋಚನೆ ಇದ್ದರೆ ಅದನ್ನು ಬಿಡಿ. ಹೊಡೆಯಲು ಬರುವ ಪ್ರತಿಕೃತಿ ಇಲ್ಲಿ ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿ ಬಂದೂಕೇ.

ಉತ್ತರ: ತೊಳೆಯುವುದನ್ನು ಯಾರೂ ಹೇಳಲಿಲ್ಲ. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಕಾಣಿಸುತ್ತದೆ. ಆದ್ದರಿಂದ ಹೊಡೆದ ದಿನವೇ ತೊಳೆಯಬೇಕು. ಮರದ ಹಿಡಿ ಕಳಚಿಡಿ, ನಿಪ್ಪಲ್ ಬಿಚ್ಚಿ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್, ಇಷ್ಟೇ ಸಾಕು. ಸಣ್ಣ ಉರಿಯ ಓವನ್‌ನಲ್ಲಿ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಅರ್ಧ ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಬ್ಯಾಲಿಸ್ಟಾಲ್ ಎಣ್ಣೆ ಹಚ್ಚಿ. ಎರಡು ಮೂರು ಸಲಕ್ಕೊಮ್ಮೆ ಒಳಗಿನ ಸ್ಪ್ರಿಂಗ್, ಹ್ಯಾಂಡ್ (ಸಿಲಿಂಡರ್ ತಿರುಗಿಸುವ ತುಂಡು), ಬೋಲ್ಟ್ (ಸಿಲಿಂಡರಿಗೆ ಬೀಗ ಹಾಕುವ ತುಂಡು) ಎಲ್ಲ ಬಿಚ್ಚಿ ತೊಳೆಯಿರಿ. ಕೋಲ್ಟ್‌ನಲ್ಲಿ ಸಿಡಿದ ಕೇಪಿನ ಚೂರುಗಳು ಹ್ಯಾಮರಿನ ಸಂದಿಯಿಂದ ಅಲ್ಲಿಗೇ ಬೀಳುತ್ತವೆ. ನಳಿಗೆ ಮೇಲ್ಮುಖವಾಗಿ ಹಿಡಿದು ಹ್ಯಾಮರ್ ಎಳೆದರೆ ಅರ್ಧಕ್ಕರ್ಧ ಚೂರು ಹೊರಗೆ ಉದುರುತ್ತದೆ.

ಪ್ರಶ್ನೆ: ಹಾಗಾದರೆ ಉಕ್ಕಿನ ರೆಮಿಂಗ್ಟನ್, ಟ್ರೆಸೊ ನಿಪ್ಪಲ್ ಆರು, ನಿಪ್ಪಲ್ ವ್ರೆಂಚ್, .454 ಗುಂಡು, ಅಳತೆ ಕೊಳವೆ ಮೊದಲಿಗೆ. ತೋಟಾದ ಸಿಲಿಂಡರ್ ಆಮೇಲೆ. ಸರಿಯೇ?

ಉತ್ತರ: ಸರಿ. ವ್ರೆಂಚ್ ಮಾತ್ರ ನಿಪ್ಪಲಿಗೆ ಸರಿಯಾಗಿ ಕೂರುವಂಥದ್ದು ತನ್ನಿ. ಪೆಟ್ಟಿಗೆಯ ಜೊತೆ ಬರುವ ಅಗ್ಗದ್ದು ಜಾರಿ ಮೂಲೆಗಳನ್ನು ಸವೆಸಿಬಿಡುತ್ತದೆ.