ಫಾರಂ ನಾಲ್ಕು ಓದಿದವರು ಯಾರಾದ್ರೂ ಇದ್ದೀರಾ?

"ಈ ಪೇಪರ್ ಕಾಂಗ್ರೆಸ್‌ನವರಿಗೆ ಮಾರಿಕೊಂಡಿದೆ" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

"ಹೌದಾ? ಬಿಜೆಪಿಯವರಿಗೆ ಮಾರಿಕೊಂಡಿದೆ ಅಂತ ನಾನು ಹೋದ ತಿಂಗಳಷ್ಟೇ ಅದನ್ನು ಬಿಟ್ಟೆ" ಎಂದರು ಲಾಯರಮ್ಮ.

ಇಬ್ಬರೂ ಬೈಯುತ್ತಿದ್ದದ್ದು ಒಂದೇ ಪೇಪರನ್ನು. ಅದೂ ಅವತ್ತಿನ ಒಂದೇ ಪುಟವನ್ನು. ಮೇಷ್ಟ್ರು ಸಾಕ್ಷಿಗೆ ಮುಖ್ಯಮಂತ್ರಿಗಳ ದೊಡ್ಡ ಫೋಟೊ ತೋರಿಸಿದರು. ಲಾಯರಮ್ಮನೂ ಅದೇ ಫೋಟೊ ಮೇಲೆ ಬೆರಳಿಟ್ಟರು. "ಸರಿಯಾಗಿ ನೋಡಿ. ಅಷ್ಟೊಂದು ಫೋಟೊ ಇರುವಾಗ ಆಕಳಿಸುವುದನ್ನೇ ಹುಡುಕಿ ಹಾಕಿದ್ದಾರೆ."

ಮೇಷ್ಟ್ರು ಕನ್ನಡಕ ಏರಿಸಿದರು. "ಆಕಳಿಕೆ ಅಲ್ಲ ರೀ, ಭಾಷಣ."

"ಕೆಲವರದ್ದು ಎರಡೂ ಒಂದೇ ಥರ ಇರುತ್ತೆ" ಎಂದ ಟೆಕ್ಕಿ, ಫೋನಿನಿಂದ ತಲೆ ಎತ್ತದೆ. ಆಮೇಲೆ ಸಲಹೆಯನ್ನೂ ಕೊಟ್ಟ. "ಸುಮ್ನೆ ಯಾಕೆ ಕಿತ್ತಾಡ್ತೀರಿ? ಓನರ್ ಯಾರು ಅಂತ ನೋಡಿದರೆ ಮುಗೀತಲ್ವಾ?"

"ಎಲ್ಲಿ ನೋಡೋದು?"

ಲಾಯರಮ್ಮನಿಗೆ ಹುರುಪು ಬಂತು. "ಪೇಪರ್‌ನಲ್ಲೇ ಇರುತ್ತಿತ್ತು. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಫಾರಂ 4 ಅಂತ ಒಂದು ಪ್ರಕಟಣೆ ಬರುತ್ತಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಜಾಸ್ತಿ ಪಾಲು ಯಾರದ್ದು, ಎಲ್ಲ ವಿಳಾಸ ಸಮೇತ. 1956ರಲ್ಲಿ ಮಾಡಿದ ನಿಯಮ."

"ಬುದ್ಧಿ ಬಂದಾಗಿನಿಂದ ಪೇಪರ್ ಓದುತ್ತಿದ್ದೇನೆ, ಒಂದು ಸಲವೂ ಕಂಡಿಲ್ಲ."

"ಕಾಣಲಿ ಅಂತ ಹಾಕಿದರೆ ತಾನೇ? ಟೆಂಡರ್ ನೋಟಿಸು, 'ಹೆಸರು ಬದಲಾಗಿದೆ' ಇವುಗಳ ಮಧ್ಯೆ ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ ಇರುತ್ತಿತ್ತು."

ದಿನಭವಿಷ್ಯವನ್ನು ಒಂದು ದಿನವೂ ತಪ್ಪಿಸದ ನಾವು ಯಾರೂ ಫಾರಂ 4 ಓದಿರಲಿಲ್ಲ. ಇವತ್ತು ಧನಲಾಭ ಇದೆಯಾ ಎಂದು ತಿಳಿಯುವ ಆತುರದಲ್ಲಿ, ನಮ್ಮಿಂದ ಯಾರಿಗೆ ಧನಲಾಭ ಆಗುತ್ತಿದೆ ಎಂದು ಹುಡುಕಲು ಪುರುಸೊತ್ತು ಎಲ್ಲಿ?

ಆದರೆ ಓದಿದ್ದರೂ ಎಲ್ಲವೂ ಬಗೆಹರಿಯುತ್ತಿತ್ತು ಎಂದೇನಿಲ್ಲ. ಪಾಲುದಾರರ ಜಾಗದಲ್ಲಿ ಒಂದು ಕಂಪನಿಯ ಹೆಸರಿರುತ್ತದೆ. ಆ ಕಂಪನಿಯ ಪಾಲುದಾರ ಇನ್ನೊಂದು ಕಂಪನಿ. ದೆಹಲಿಯ ಸುದ್ದಿ ಚಾನೆಲ್ ಎನ್‌ಡಿಟಿವಿ ಕಥೆ ಅದೇ ತಾನೇ. ಅದನ್ನು ಕಟ್ಟಿದ ಪ್ರಣಯ್ ರಾಯ್ ದಂಪತಿ 2009ರಲ್ಲಿ ವಿಸಿಪಿಎಲ್ ಅನ್ನುವ ಯಾರೂ ಕೇಳಿರದ ಕಂಪನಿಯಿಂದ 403 ಕೋಟಿ ಸಾಲ ತಂದರು. ಚಾನೆಲ್‌ನ 29 ಚಿಲ್ಲರೆ ಪರ್ಸೆಂಟ್ ಷೇರು ರಾಯ್ ದಂಪತಿಯದೇ ಒಂದು ಕಂಪನಿಯಲ್ಲಿತ್ತು. ಆ ಕಂಪನಿಯನ್ನೇ ಬರೆಸಿಕೊಳ್ಳುವ ಹಕ್ಕು ಸಾಲ ಕೊಟ್ಟವರ ಕೈಗೆ ಹೋಯಿತು. 2022ರ ಆಗಸ್ಟ್‌ನಲ್ಲಿ ಅದಾನಿ ಗುಂಪು ಸಾಲ ಕೊಟ್ಟ ಕಂಪನಿಯನ್ನೇ ಕೊಂಡುಕೊಂಡಿತು. ವರ್ಷ ಮುಗಿಯುವುದರೊಳಗೆ ಚಾನೆಲ್ಲೂ ಅವರದ್ದಾಯಿತು.

"ಅಂದರೆ ಮನೆ ಪತ್ರ ಅಡ ಇಟ್ಟು, ಹದಿಮೂರು ವರ್ಷ ಗೋಡೆಗೆ ಬಣ್ಣ ಹೊಡೆಸಿಕೊಂಡು ಕೂತಿದ್ದರು" ಎಂದರು ಮೇಷ್ಟ್ರು.

"ಬಣ್ಣ ಚೆನ್ನಾಗಿತ್ತು" ಎಂದರು ಲಾಯರಮ್ಮ.

"ನಿಮಗೆ ಚೆನ್ನಾಗಿತ್ತು. ನನಗೆ ಕಣ್ಣು ಉರಿಯುತ್ತಿತ್ತು."

ಇವರಿಬ್ಬರನ್ನು ದೆಹಲಿಯಿಂದ ವಾಪಸ್ ಕರೆತರುವುದು ಕಷ್ಟ. ಕನ್ನಡಕ್ಕೆ ಬನ್ನಿ ಎಂದೆ. ಬಂದರು. ಪ್ರಜಾವಾಣಿ 1948ರದ್ದು, ಶುರು ಮಾಡಿದ ಗುರುಸ್ವಾಮಿಯವರು ಅಬಕಾರಿ ವ್ಯವಹಾರದಲ್ಲಿದ್ದವರು. ಉದಯವಾಣಿ 1970ರಲ್ಲಿ ಮಣಿಪಾಲದ ಪೈಗಳ ಮನೆತನದಿಂದ ಬಂತು. ಸುವರ್ಣ ನ್ಯೂಸ್ ಮತ್ತು ಕನ್ನಡಪ್ರಭದ ಹಿಂದೆ ರಾಜೀವ್ ಚಂದ್ರಶೇಖರ್ ಬಂಡವಾಳ. ಅವರು 2006ರಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಹೋದವರು, 2021ರಲ್ಲಿ ಬಿಜೆಪಿ ಸರ್ಕಾರದಲ್ಲಿ ಕೇಂದ್ರ ಮಂತ್ರಿ. ಕಸ್ತೂರಿ ಚಾನೆಲ್ ಕುಮಾರಸ್ವಾಮಿಯವರ ಮನೆಯದ್ದು.

ಇವೆಲ್ಲದರಲ್ಲಿ ಟೆಕ್ಕಿಗೆ ಹಿಡಿಸಿದ್ದು ವಿಜಯ ಸಂಕೇಶ್ವರರ ಕಥೆ. ಲಾರಿ ಕಂಪನಿ ಕಟ್ಟಿದವರು, ಬಿಜೆಪಿಯಿಂದ ಧಾರವಾಡ ಉತ್ತರದ ಸಂಸದರೂ ಆಗಿದ್ದವರು. ವಿಜಯ ಕರ್ನಾಟಕ ಶುರು ಮಾಡಿ ಉಳಿದ ಪತ್ರಿಕೆಗಳ ನಿದ್ದೆ ಕೆಡಿಸಿದರು. 2006ರಲ್ಲಿ ಅದನ್ನು ಟೈಮ್ಸ್ ಗುಂಪಿಗೆ ಮಾರಿದರು. 2012ರಲ್ಲಿ ವಿಜಯವಾಣಿ ತಂದು ಮತ್ತೆ ನಿದ್ದೆ ಕೆಡಿಸಿದರು.

"ಪೇಪರ್ ಮಾರಿದರು, ಲಾರಿ ಉಳಿಸಿಕೊಂಡರು. ಅದೇ ಬಿಸಿನೆಸ್" ಎಂದ ಟೆಕ್ಕಿ, ಭಕ್ತಿಯಿಂದ.

"ಲಾರಿಯಲ್ಲಿ ಹೋದ ತಕ್ಷಣ ಸುದ್ದಿ ಒಂದು ಕಡೆಗೆ ವಾಲುತ್ತೆ ಅಂತೇನಿಲ್ಲ" ಎಂದು ಲಾಯರಮ್ಮ ವಾದ ಹೂಡಿದರು. "ಮಾಲೀಕರು ಬೆಳಿಗ್ಗೆ ಎದ್ದು ಹೆಡ್‌ಲೈನ್ ಬರೆಯುವುದಿಲ್ಲ. ಡೆಸ್ಕಿನಲ್ಲಿ ಕೂತ ಹುಡುಗ ಬರೆಯುತ್ತಾನೆ."

"ಮಾಲೀಕರಿಗೆ ಏನು ಇಷ್ಟ ಅಂತ ಆ ಹುಡುಗನಿಗೆ ಗೊತ್ತಿರುತ್ತಲ್ಲ? ಹೇಳಿಸಿಕೊಳ್ಳದೇ ಮಾಡುವವನೇ ಜಾಣ. ಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಮಗನಿಗೆ ನಾನು ಹೇಗೆ ಮಾರ್ಕ್ಸ್ ಹಾಕುತ್ತಿದ್ದೆ ಅಂದುಕೊಂಡಿರಿ?"

ಒಂದು ಕ್ಷಣ ಎಲ್ಲರೂ ಮೇಷ್ಟ್ರನ್ನೇ ನೋಡಿದೆವು. ಅವರು ಗಂಟಲು ಸರಿಮಾಡಿಕೊಂಡು ಪಕ್ಕದ ರಾಜ್ಯಕ್ಕೆ ಹಾರಿದರು.

"ತಮಿಳುನಾಡಿನವರು ನೋಡಿ, ಪ್ರಾಮಾಣಿಕರು. ಅಮ್ಮನವರಿಗೆ ಜಯಾ ಟಿವಿ. ಸನ್ ಟಿವಿ ಕರುಣಾನಿಧಿಯವರ ಅಕ್ಕನ ಮೊಮ್ಮಗನದ್ದು. 2007ರಲ್ಲಿ ಮನೆಯೊಳಗೇ ಜಗಳ ಬಂತು. ಬೇರೆಯವರಾದರೆ ಹಬ್ಬದ ಊಟಕ್ಕೆ ಕರೆಯುವುದು ಬಿಡುತ್ತಾರೆ. ಇವರು ಕಲೈಞರ್ ಟಿವಿ ಅಂತ ಹೊಸ ಚಾನೆಲ್ಲನ್ನೇ ಶುರು ಮಾಡಿದರು."

ಆಂಧ್ರದಲ್ಲೂ ಅಷ್ಟೇ. ಮುಖ್ಯಮಂತ್ರಿಯಾಗಿದ್ದ ವೈಎಸ್ಆರ್ ಮಾತೆತ್ತಿದರೆ ತಮ್ಮ ವಿರುದ್ಧ ಬರೆಯುವ "ಆ ಎರಡು ಪತ್ರಿಕೆಗಳು" ಎನ್ನುತ್ತಿದ್ದರು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ಈನಾಡು ಮತ್ತು ಆಂಧ್ರಜ್ಯೋತಿ ಎಂದು ಎಲ್ಲರಿಗೂ ಗೊತ್ತು. 2008ರಲ್ಲಿ ಮಗ ಜಗನ್ ಕಡೆಯಿಂದ 'ಸಾಕ್ಷಿ' ಅನ್ನುವ ಪತ್ರಿಕೆ ಬಂತು. ಎರಡು ಇದ್ದದ್ದು ಮೂರಾಯಿತು. ಓದುಗರಿಗೆ ಬೇಕಾದ ಸತ್ಯವನ್ನು ಬೇಕಾದ ಅಂಗಡಿಯಲ್ಲಿ ಕೊಳ್ಳುವ ಅನುಕೂಲ.

ನನಗೆ ಕೇಳಿದರೆ, ಹೀಗೆ ಬಾವುಟ ಹಿಡಿದು ಬರುವ ಪತ್ರಿಕೆಯಿಂದ ಅಷ್ಟು ಅಪಾಯವಿಲ್ಲ. ಅದು ಯಾರ ಪರ ಎಂದು ಗೊತ್ತಿರುತ್ತೆ, ಅಷ್ಟು ಕಳೆದು ಓದಬಹುದು. ಕಷ್ಟವಾಗುವುದು ಯಾವ ಬಾವುಟವೂ ಇಲ್ಲದ ಪುಟಗಳದ್ದು. ಟೈಮ್ಸ್ ಗುಂಪು ಜಾಹೀರಾತಿಗೆ ದುಡ್ಡಿನ ಬದಲು ಕಂಪನಿಗಳ ಷೇರು ಪಡೆಯುವ ದಾರಿ ತೆಗೆಯಿತು. ಷೇರು ಕೈಯಲ್ಲಿದ್ದಾಗ ಆ ಕಂಪನಿ ಬಗ್ಗೆ ಬರುವ ಸುದ್ದಿಯನ್ನು ಹೇಗೆ ಓದಬೇಕು? ಅದನ್ನು ಓದುಗರಿಗೆ ತಿಳಿಸಬೇಕು ಎಂದು 2010ರ ಹೊತ್ತಿಗೆ ಷೇರುಪೇಟೆಯ ಕಾವಲುಗಾರ ಸೆಬಿಯೇ ಬಾಯಿ ಹಾಕಬೇಕಾಯಿತು.

"ಅದೆಲ್ಲ ಬಿಡಿ, ಕಾಸಿಗಾಗಿ ಸುದ್ದಿ ಕಥೆ ಹೇಳಿ" ಎಂದು ಲಾಯರಮ್ಮ ನನ್ನ ಭಾಷಣ ಕತ್ತರಿಸಿದರು. ತಾವೇ ಹೇಳಿದರು ಕೂಡ. 2009ರ ಚುನಾವಣೆಯಲ್ಲಿ ಅಭ್ಯರ್ಥಿಗಳು ದುಡ್ಡು ಕೊಟ್ಟು ಸುದ್ದಿ ಹಾಕಿಸಿದ್ದು ದೊಡ್ಡ ಗಲಾಟೆಯಾಯಿತು. ಭಾರತೀಯ ಪತ್ರಿಕಾ ಮಂಡಳಿ ಇಬ್ಬರನ್ನು ತನಿಖೆಗೆ ಹಾಕಿತು. ಅವರು 71 ಪುಟದ ವರದಿ ಕೊಟ್ಟರು, ಪತ್ರಿಕೆಗಳ ಹೆಸರು ಸಮೇತ. ಮಂಡಳಿ 2010ರಲ್ಲಿ ಅದನ್ನು ಪಕ್ಕಕ್ಕಿಟ್ಟು, ಹೆಸರು ತೆಗೆದ ಸಣ್ಣ ವರದಿಯೊಂದನ್ನು ಹೊರಗೆ ಬಿಟ್ಟಿತು. ಪೂರ್ತಿ ವರದಿಗೆ ಕೇಂದ್ರ ಮಾಹಿತಿ ಆಯೋಗ ಆದೇಶ ಮಾಡಬೇಕಾಯಿತು.

ಟೆಕ್ಕಿ ಮೊದಲ ಸಲ ಫೋನ್ ಕೆಳಗಿಟ್ಟ. "ತಡೀರಿ. ಸುದ್ದಿ ಮುಚ್ಚಿಡುತ್ತಾರೆ ಅನ್ನುವ ವರದಿಯನ್ನೇ ಮುಚ್ಚಿಟ್ಟರಾ?"

"ಅದೇ ಅದಕ್ಕೆ ಪುರಾವೆ ಅಲ್ವಾ!"

ರಾಜಕೀಯ ಪಕ್ಷಗಳು ಚಾನೆಲ್ ನಡೆಸಬಾರದು, ಉದ್ಯಮಿಗಳಿಗೂ ಕಡಿವಾಣ ಬೇಕು ಎಂದು ಫೋನು, ಟಿವಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ 2014ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತ್ತು ಎಂದು ನಾನೂ ಒಂದು ಸೇರಿಸಿದೆ. ಆ ವರ್ಷವೇ ರಿಲಯನ್ಸ್ ಕೈಗೆ ನೆಟ್‌ವರ್ಕ್18 ಅನ್ನುವ ಚಾನೆಲ್‌ಗಳ ಗುಂಪು ಬಂದಿತ್ತು.

"ಶಿಫಾರಸು ಏನಾಯ್ತು?"

"ಜಾರಿ ಮಾಡಬೇಕಾದವರು ಯಾರು? ಪಕ್ಷಗಳೇ."

ಅಷ್ಟು ಹೊತ್ತಿಗೆ ಪೇಪರ್ ಅಣ್ಣ ಸೈಕಲ್ ನಿಲ್ಲಿಸಿದ. ತಿಂಗಳ ಬಿಲ್ಲಿನ ಸಮಯ. ಅವನಿಗೆ ನಮ್ಮ ಜಗಳವೆಲ್ಲ ಬಾಯಿಪಾಠ. ರಸ್ತೆಯಲ್ಲಿ ಯಾರು ಯಾವ ಪೇಪರ್ ಬಿಟ್ಟರು, ಯಾವ ಪಕ್ಷ ಗೆದ್ದ ಮೇಲೆ ಮತ್ತೆ ಹಾಕಿಸಿಕೊಂಡರು, ಎಲ್ಲ ಅವನ ಪಾಕೆಟ್ ಡೈರಿಯಲ್ಲಿದೆ. ಚುನಾವಣಾ ಸಮೀಕ್ಷೆಯವರು ಅವನನ್ನು ಹಿಡಿದರೆ ಸಾಕು.

"ಬೈಯುವುದಿದ್ದರೆ ಬೈಯಿರಿ ಸಾರ್, ಆದರೆ ಲೆಕ್ಕ ಗೊತ್ತಿರಲಿ" ಎಂದ. "ಕಾಗದ, ಇಂಕು, ಸಂಬಳ, ಲಾರಿ. ನೀವು ಕೊಡುವ ದುಡ್ಡಿನಲ್ಲಿ ಅದು ಎಲ್ಲಿಗೂ ಸಾಕಾಗಲ್ಲ. ಅದರಲ್ಲೂ ಏಜೆಂಟ್ ಕಮಿಷನ್ ಹೋಗಬೇಕು. ಆಮೇಲೆ ನೀವು ರದ್ದಿಗೆ ಹಾಕಿ ಅಷ್ಟಿಷ್ಟು ವಾಪಸ್ ಬೇರೆ ತಗೋತೀರಿ. ಮಿಕ್ಕಿದ್ದನ್ನು ಕೊಡೋನು ಯಾರು? ಮೊದಲ ಪುಟಕ್ಕೂ ಮುಂಚೆ ಒಂದು ಪುಟ ಇರುತ್ತಲ್ಲ, ಪೂರ್ತಿ ಬಣ್ಣದ್ದು? ಅವನು. ಇಲ್ಲ ಅಂದರೆ ಸರ್ಕಾರ."

ಮೇಷ್ಟ್ರಿಗೆ ತಟ್ಟಿತು. ಎದ್ದು ನಿಂತರು. "ಲಂಕೇಶ್ ಪತ್ರಿಕೆ ಇರಲಿಲ್ಲವೇ? 1980ರಲ್ಲಿ ಶುರುವಾಗಿದ್ದು. ಒಂದೇ ಒಂದು ಜಾಹೀರಾತಿಲ್ಲ. ಓದುಗರ ದುಡ್ಡಲ್ಲೇ ನಡೆಯಿತು. ಯಾವ ಮುಖ್ಯಮಂತ್ರಿಯನ್ನೂ ಬಿಡಲಿಲ್ಲ. ಅಂಥ ಪೇಪರ್ ಇವತ್ತು ಬಂದರೆ ದಿನಕ್ಕೆ ಇಪ್ಪತ್ತೈದು ರೂಪಾಯಿ ಆದರೂ ನಾನು ಕೊಡುತ್ತೇನೆ!"

ಲಾಯರಮ್ಮ ಚಪ್ಪಾಳೆ ತಟ್ಟಿದರು. ಅವತ್ತು ಅವರಿಬ್ಬರೂ ಒಪ್ಪಿದ ಒಂದೇ ಒಂದು ಮಾತು ಅದು.

ಪೇಪರ್ ಅಣ್ಣ ಡೈರಿಯ ಹಾಳೆ ತಿರುವಿದ. "ತುಂಬ ಒಳ್ಳೇದು ಮೇಷ್ಟ್ರೇ. ಅದು ಬರುವುದರೊಳಗೆ ದೀಪಾವಳಿಯಿಂದ ನಿಂತಿರೋ ಬಾಕಿ ಕೊಟ್ಟುಬಿಡಿ."